ನೀರು ಕುಡಿಯದ ಕೊಕ್ಕರೆ

ಅಕ್ಕಸಾಲಿಗರ ಅಂಗಡಿಯ ಕಸವನ್ನು ಬೀದಿಗೆ ಎಸೆದವರನ್ನು ನಾನಂತೂ ನೋಡಿಲ್ಲ. ಕುಂದಾಪುರ ಪೇಟೆಯ ಒಳಗಲ್ಲಿಯಲ್ಲಿ ನಾಲ್ಕೈದು ಆಚಾರ್ರ ಅಂಗಡಿಗಳಿವೆ. ಬೆಳಿಗ್ಗೆ ಗುಡಿಸಿದ್ದೂ ಡಬ್ಬಿಗೆ, ಸಂಜೆ ಗುಡಿಸಿದ್ದೂ ಡಬ್ಬಿಗೆ. ಕೈ ತೊಳೆದ ನೀರಿಗೆ ಬೇರೆಯೇ ಒಂದು ಬಕೆಟ್ಟು. ಅರದಿಂದ ಉದುರಿದ ಚಿನ್ನದ ಪುಡಿ ಚಾಪೆಯ ಸಂದಿಯಲ್ಲಿ, ಒಲೆಯ ಬೂದಿಯಲ್ಲಿ, ಕೂತವರ ಪಂಚೆಯ ಅಂಚಿನಲ್ಲಿ ಎಲ್ಲೆಲ್ಲೋ ಇರುತ್ತದಲ್ಲ, ಅದಕ್ಕೆ. ಆ ಡಬ್ಬಿಗಳನ್ನು ಕೊಂಡುಹೋಗಲು ತಿಂಗಳಿಗೊಮ್ಮೆ ಒಬ್ಬರು ಬರುತ್ತಿದ್ದರು. ಬೈಂದೂರಿನಿಂದ ಬ್ರಹ್ಮಾವರದವರೆಗೆ ಎಲ್ಲ ಅಂಗಡಿಗಳ ಕಸಕ್ಕೂ ಅವರೇ ವಾರಸುದಾರರು. ಅವರಿಗೆ ಒಳ್ಳೆಯ ಹೆಸರೊಂದು ಇತ್ತು, ದೇವರ ಹೆಸರೇ. ಆದರೆ ಪೇಟೆಯಲ್ಲಿ ಅದನ್ನು ಯಾರೂ ಬಳಸಿದ್ದು ನಾನು ಕೇಳಿಲ್ಲ. ಎಲ್ಲರಿಗೂ ಅವರು ಕಸದ ಆಚಾರ್ರು. ಹಾಗೆ ಕರೆದರೇ ಅವರು ತಿರುಗುತ್ತಿದ್ದದ್ದು. ನಾನೂ ಹಾಗೇ ಕರೆಯುತ್ತೇನೆ. ಸತ್ತ ಮೇಲೆ ಹೊಸ ಹೆಸರು ಹಿಡಿದು ಕೂಗಿದರೆ ಅವರಿಗೆ ತಮ್ಮನ್ನೇ ಕರೆದದ್ದು ಅಂತ ಗೊತ್ತಾಗಲಿಕ್ಕಿಲ್ಲ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದವಳು, ಎರಡು ವರ್ಷದ ಹಿಂದೆ ನಿವೃತ್ತಳಾದೆ. ಅವರ ಪರಿಚಯ ಆದದ್ದು ನನ್ನ ದಡ್ಡತನದಿಂದ. ಶಾಲೆಯ ಲ್ಯಾಬಿನಲ್ಲಿ ಒಂದು ಥರ್ಮಾಮೀಟರ್ ಒಡೆಯಿತು. ಪಾದರಸ ಮೇಜಿನ ಮೇಲೆ ಉರುಳಿತು. ನಾನು ಸಣ್ಣವಳಿದ್ದಾಗಿನ ಹುಚ್ಚು ಮತ್ತೆ ಬಂದು, ಅದನ್ನು ಅಂಗೈಗೆ ತೆಗೆದುಕೊಂಡು ಮಕ್ಕಳಿಗೆಲ್ಲ ತೋರಿಸಿದೆ, ಹಿಂದಿನ ವರ್ಷಗಳ ಹಾಗೆ ಅವರ ಕೈಗೂ ಕೊಟ್ಟೆ. "ಕಾಣಿ ಮಕ್ಳೆ, ಲೋಹವೂ ಹೌದು, ದ್ರವವೂ ಹೌದು." ಪಾಠ ಚೆನ್ನಾಗಿಯೇ ಆಯಿತು. ಸಂಜೆ ಬಸ್ಸಿನಲ್ಲಿ ನೋಡುತ್ತೇನೆ, ಬಲಗೈಯ ಚಿನ್ನದ ಬಳೆ ಅರ್ಧ ಬೆಳ್ಳಗಾಗಿದೆ. ಸೆರಗಿನಿಂದ ತಿಕ್ಕಿದೆ, ಹೋಗಲಿಲ್ಲ. ಅದು ನನ್ನ ಅಮ್ಮನ ಬಳೆ. ಅಮ್ಮ ತೀರಿಹೋದ ಮೇಲೆ ನನ್ನ ಕೈಗೆ ಬಂದದ್ದು. ಆ ರಾತ್ರಿ ನನಗೆ ಅನ್ನ ಸೇರಲಿಲ್ಲ.

ಮರುದಿನ ಶಾಲೆಗೆ ರಜೆ ಹಾಕಿ ಗಲ್ಲಿಯ ನನ್ನ ಮಾಮೂಲು ಅಂಗಡಿಗೆ ಓಡಿದೆ. ಅಲ್ಲಿಯ ಹುಡುಗ ಆಚಾರಿ ಬಳೆಯನ್ನು ಹೊರಳಿಸಿ ನೋಡಿ ನಕ್ಕ. "ರಸ ಕುಡ್ದಿತ್ತ್ ಟೀಚರೆ. ಒಂದ್ ನಿಮಿಷದ್ ಕೆಲ್ಸ, ಬೆಂಕಿ ತೋರ್ಸ್ರೆ ಹೋತ್ತ್" ಎಂದು ಇಟ್ಟಿಗೆಯ ಮೇಲೆ ಬಳೆ ಇಟ್ಟು ಗ್ಯಾಸಿನ ದೀಪ ಹಚ್ಚಿದ. ಅಷ್ಟರಲ್ಲಿ ಹೆಗಲಿಗೆ ಗೋಣಿಚೀಲ ಹಾಕಿಕೊಂಡ ಒಬ್ಬ ಮುದುಕರು ಒಳಗೆ ಬಂದರು. ಸಣಕಲು ಮೈ, ದಪ್ಪ ಕನ್ನಡಕ. ಬಂದವರು ಚೀಲ ಇಳಿಸಲೂ ಇಲ್ಲ, ಅವನ ಕೈಯಿಂದ ದೀಪ ಕಸಿದು ಆರಿಸಿಯೇ ಬಿಟ್ಟರು.

"ಎಂತ ಮಾಡ್ತಾ ಇದ್ದೆ ಮಾರಾಯ? ಟೀಚರ್ ಎದ್ರಂಗೆ ಕೂಕಂಡಿದ್ರ್, ಕಾಂತಿಲ್ಯಾ?"

"ಒಂದ್ ನಿಮಿಷದ್ ಕೆಲ್ಸ ಅಲ್ದಾ ಆಚಾರ್ರೆ."

"ಹೌದ. ಆ ಬಿಳಿ, ಬಳೆ ಬಿಟ್ಟ್ ಎಲ್ಲಿಗ್ ಹೋತ್ತ್, ಹೇಳ್ ಕಾಂಬ?"

"ಹಾರಿ ಹೋತ್ತ್."

"ಹಾರಿ ಎಲ್ಲಿಗೆ?"

ಮುದುಕರು ತೋರುಬೆರಳನ್ನು ಹುಡುಗನ ಮೂಗಿನ ಹತ್ತಿರ ಹಿಡಿದರು, ಆಮೇಲೆ ಗೌರವಕ್ಕೆ ಸ್ವಲ್ಪ ದೂರದಿಂದ ನನ್ನ ಮೂಗಿಗೂ ಹಿಡಿದರು. ಪಾದರಸದ ಆವಿ ವಿಷ ಎಂದು ವರ್ಷವರ್ಷವೂ ಬೋರ್ಡಿನ ಮೇಲೆ ಬರೆದವಳು ನಾನು. ಅಷ್ಟಾದರೂ ಅದು ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆ ನನ್ನ ತಲೆಗೆ ಬಂದಿರಲಿಲ್ಲ. ಕಸ ಒಯ್ಯಲು ಬಂದವರು ಕೇಳಬೇಕಾಯಿತು.

"ಆಯ್ತಾರ ಹಂಗಾರಕಟ್ಟೆಗ್ ಬನ್ನಿ ಟೀಚರೆ, ನಾನ್ ತೆಗ್ದ್ ಕೊಡ್ತೆ. ಅಲ್ಲಿ ತನ್ಕ ಬಳಿನ್ ಬಾಟ್ಲಿಯಂಗ್ ಹಾಕಿ ಮುಚ್ಚಿ ಇಡಿ, ಅಡ್ಗಿ ಮನಿಗ್ ಮಾತ್ರ ತಕಂಡ್ ಹೋಪುಕಾಗ" ಎಂದು ಹೇಳಿ ಅವರು ಡಬ್ಬಿಯ ಕಸ ಚೀಲಕ್ಕೆ ಸುರಿದುಕೊಂಡು ನಡೆದರು.

ಭಾನುವಾರ ಹೋದೆ. ಹೊಳೆ ಸಮುದ್ರ ಸೇರುವ ಕಡೆ, ದೋಣಿ ಕಟ್ಟುವ ಜಾಗದಿಂದ ಸ್ವಲ್ಪ ಆಚೆ ಅವರ ಮನೆ. ಮದುವೆಯಾಗಿರಲಿಲ್ಲ, ಒಬ್ಬರೇ. ಮನೆಯಿಂದ ದೂರದಲ್ಲಿ ನಾಲ್ಕು ಕಂಬ, ಮೇಲೊಂದು ಎತ್ತರದ ತಗಡು, ಗೋಡೆ ಒಂದೂ ಇಲ್ಲ. ಆದರೆ ಒಂದು ಕಡೆ ಎರಡು ಕಂಬಗಳ ನಡುವೆ ಹಲಸಿನ ಮರದ ಹಳೆಯ ಹೊಸ್ತಿಲು! ಅದರ ಮೇಲೆ ಅಂದೇ ಹಾಕಿದ ರಂಗೋಲಿ. ಗೋಡೆಯಿಲ್ಲದ ಮನೆಗೆ ಹೊಸ್ತಿಲು ಯಾಕೆ ಎಂದು ಕೇಳಿದೆ. "ಅದ್ ಕಡಿಗ್ ಹೇಳ್ತೆ" ಎಂದರು. ಆ 'ಕಡಿಗ್', ಅಂದರೆ ಆಮೇಲೆ, ಬರಲು ಒಂದು ವರ್ಷ ಹಿಡಿಯಿತು.

ಶೆಡ್ಡಿನಿಂದ ಇಪ್ಪತ್ತು ಹೆಜ್ಜೆ ಈಚೆ ನೆಲದಲ್ಲಿ ಸುಣ್ಣದ ಗೆರೆ ಎಳೆದಿದ್ದರು. ನಾನು ಅಲ್ಲೇ ನಿಲ್ಲಬೇಕು. ಬಸುರಿಯರು, ಮಕ್ಕಳು ಆ ಗೆರೆಯವರೆಗೂ ಬರುವ ಹಾಗಿಲ್ಲ. ಗೆರೆ ದಾಟುವ ಮುಂಚೆ ಅವರು ಬಾಯಲ್ಲಿದ್ದ ಎಲೆಯಡಿಕೆ ಉಗಿದು, ಬಾಯಿ ಮುಕ್ಕಳಿಸಿ, ಒಂದು ಹಳೆಯ ಅಂಗಿ ಹಾಕಿಕೊಂಡರು. ಆ ಅಂಗಿ ಅಲ್ಲೇ ಗೂಟಕ್ಕೆ ನೇತಾಡಬೇಕು, ಮನೆಯೊಳಗೆ ಹೋಗಬಾರದು. ಆಮೇಲೆ ಒಂದು ಚಿಟಿಕೆ ಬೂದಿ ತೆಗೆದು ಗಾಳಿಗೆ ಬಿಟ್ಟರು. ಬೂದಿ ಹೊಳೆಯ ಕಡೆ ಹೋಯಿತು. "ಗಾಳಿ ಹತ್ರ ಕೇಳ್ಕಣ್ಕ್" ಎಂದರು. "ಆದ್ರೆ ಗಾಳಿನ ನಂಬೂಕಾಗ."

ನಂಬಿದ್ದು ಅವರು ಕೊಕ್ಕರೆಯನ್ನು. ದೋಣಿ ಕಟ್ಟುವಲ್ಲಿಯ ವೆಲ್ಡಿಂಗಿನವನ ಹತ್ತಿರ ಮಾಡಿಸಿದ ದಪ್ಪ ಕಬ್ಬಿಣದ ಪಾತ್ರೆ ಅದು. ಗಟ್ಟಿ ಮುಚ್ಚಳ. ಮುಚ್ಚಳದಿಂದ ಉದ್ದವಾದ ಒಂದು ಕೊಳವೆ ಮೇಲೆ ಹೋಗಿ, ಬಾಗಿ, ಕೆಳಗಿಳಿದು ನೀರಿನ ಬೋಗುಣಿಯ ಹತ್ತಿರ ಬಂದು ನಿಲ್ಲುತ್ತಿತ್ತು. ನೋಡಿದರೆ ಗದ್ದೆಯ ಕೊಕ್ಕರೆಯೇ. ಕಸದಿಂದ ತೆಗೆದ ಚಿನ್ನ ಹಳದಿಯಾಗಿ ಬರುವುದಿಲ್ಲ ಎಂದು ನನಗೆ ಆಗ ಗೊತ್ತಾಯಿತು. ಕಸವನ್ನು ಸುಟ್ಟು, ಅರೆದು, ನೀರಿನಲ್ಲಿ ತೊಳೆದು, ಉಳಿದದ್ದಕ್ಕೆ ಪಾದರಸ ಹಾಕಿ ತಿಕ್ಕುತ್ತಾರೆ. ಪಾದರಸ ಪುಡಿಚಿನ್ನವನ್ನೆಲ್ಲ ನುಂಗುತ್ತದೆ. ಬಟ್ಟೆಯಲ್ಲಿ ಹಾಕಿ ಹಿಂಡಿದರೆ ಒಂದು ಬಿಳಿ ಉಂಡೆ ಉಳಿಯುತ್ತದೆ. ಆ ಉಂಡೆಗೆ ಬೆಂಕಿ ಕೊಟ್ಟು ಪಾದರಸ ಓಡಿಸಿದರೆ ಚಿನ್ನ. ಕಷ್ಟ ಇರುವುದು ಆ ಓಡಿಸುವಲ್ಲಿಯೇ.

ಅವರು ಉಂಡೆಯನ್ನೂ ನನ್ನ ಬಳೆಯನ್ನೂ ಕೊಕ್ಕರೆಯ ಹೊಟ್ಟೆಯೊಳಗೆ ಇಟ್ಟರು. ಮುಚ್ಚಳದ ಸಂದಿಗೆ ಮಣ್ಣು, ಬೂದಿ ಕಲಸಿ ಮೆತ್ತಿದರು. ಕುತ್ತಿಗೆಗೆ ಒದ್ದೆ ಗೋಣಿ ಸುತ್ತಿದರು. ಬೆಂಕಿ ಹಾಕುವ ಮುಂಚೆ ಗೆರೆಯ ಈಚೆ ನಿಂತ ನನ್ನನ್ನು ಪರೀಕ್ಷೆ ಮಾಡಿದರು.

"ಟೀಚರೆ, ಈ ಒದ್ದೆ ಗೋಣಿ ಎಂತಕ್ಕೆ?"

"ಆವಿ ತಣ್ಣಗಾಗಿ ಮತ್ತೆ ಪಾದರಸವೇ ಆಗಲಿ ಅಂತ."

"ಪಾಸ್. ಕೊಕ್ಕ್ ನೀರಿಗ್ ಮುಟ್ಟೂಕಾಗ, ಮೇಲೆಯೇ ಇರ್ಕ್. ಎಂತಕ್ಕೆ?"

ನಾನು ಯೋಚಿಸಿದೆ. ನೀರಿನೊಳಗೇ ಮುಳುಗಿಸಿದರೆ ಇನ್ನೂ ಒಳ್ಳೆಯದಲ್ಲವೇ, ಆವಿ ಹೊರಗೆ ಬರುವುದೇ ಇಲ್ಲವಲ್ಲ ಎಂದೆ. ಅವರು ಅಂಗಿಯ ಎಡತೋಳು ಮಡಚಿ ತೋರಿಸಿದರು. ಮೊಣಕೈವರೆಗೆ ಸುಟ್ಟ ಕಲೆ. ಮೊದಲ ಸಲ ಅವರೂ ನನ್ನ ಹಾಗೆಯೇ ಯೋಚಿಸಿದ್ದರಂತೆ. ಬೆಂಕಿ ಕಡಿಮೆಯಾಗುತ್ತಲೇ ಪಾತ್ರೆಯೊಳಗೆ ಎಳೆತ ಹುಟ್ಟಿ, ಕೊಕ್ಕರೆ ಬೋಗುಣಿಯ ನೀರನ್ನು ಹೀರಿಕೊಂಡಿತು. ಕಾದ ಕಬ್ಬಿಣಕ್ಕೆ ತಣ್ಣೀರು. ಮುಚ್ಚಳ ತೆಂಗಿನ ಮರದೆತ್ತರ ಹಾರಿತು.

"ಅವತ್ತಿಂದ ಒಂದೇ ಶಾಸ್ತ್ರ ಟೀಚರೆ. ಕೊಕ್ಕರೆ ನೀರ್ ಕುಡೂಕಾಗ."

ಬೆಂಕಿ ಮುಗಿದರೂ ಅವರು ಮುಚ್ಚಳ ತೆಗೆಯಲಿಲ್ಲ. ಪೂರ್ತಿ ತಣಿಯುವವರೆಗೆ ಬಾಯಿ ತೆರೆಯಬಾರದಂತೆ. ನಾಳೆ ಬನ್ನಿ ಎಂದರು. ಬೋಗುಣಿಯ ತಳದಲ್ಲಿ ಮಾತ್ರ ಬೆಳ್ಳಗೆ ಒಂದು ಚಮಚದಷ್ಟು ಪಾದರಸ ಕೂತಿತ್ತು. ಅದನ್ನು ನೀರಿನ ಸಮೇತ ದಪ್ಪ ಬಾಟಲಿಗೆ ಇಳಿಸಿ ಬಿರಡೆ ಹಾಕಿದರು. ಇಷ್ಟು ಹತ್ತಿರ ಹೊಳೆ ಇದೆಯಲ್ಲ, ಯಾವತ್ತಾದರೂ ಚೆಲ್ಲಿದ್ದುಂಟೇ ಎಂದು ಕೇಳಿದೆ. "ಹೊಳಿಗ್ ಬಿಟ್ರೆ ಮೀನ್ ತಿಂತ್, ಮೀನ್ ನಾವ್ ತಿಂತ್. ಸುತ್ತಿ ಬಳಸಿ ನಮ್ಮ್ ಬಟ್ಲಿಗೇ ಬತ್ತ್. ಬಂಗ್ಡಿ ಇಲ್ದೆ ನಂಗ್ ಊಟ ಇಳೂದಿಲ್ಲ ಮಾರಾಯ್ರೆ" ಎಂದು ನಕ್ಕರು.

ಮರುದಿನ ಬಳೆ ಸಿಕ್ಕಿತು. ಹಳದಿ ಬಂದಿತ್ತು, ಹೊಳಪಿರಲಿಲ್ಲ. ಅಂಟುವಾಳದ ನೊರೆಯಲ್ಲಿ ತೊಳೆದು, ತಿಕ್ಕಿ ಕೊಟ್ಟರು. ನಾನು ಅಮ್ಮನ ಬಳೆಯನ್ನು ಹಾಕಿಕೊಂಡು ಅವರೆದುರೇ ಅತ್ತೆ. ಅವರು ಕನ್ನಡಕ ತೆಗೆದು ಒರೆಸಿಕೊಳ್ಳುತ್ತ ಹೊಳೆಯ ಕಡೆ ನೋಡುತ್ತಿದ್ದರು.

ಅಲ್ಲಿಂದ ಪರಿಚಯ ಬೆಳೆಯಿತು. ಶಾಲೆಗೂ ಬಂದರು. ಲ್ಯಾಬಿನ ಮೇಜಿನ ಬಿರುಕುಗಳಲ್ಲಿ ಇನ್ನೂ ಅಡಗಿದ್ದ ಪಾದರಸವನ್ನು ಕಾಗದದ ಅಂಚಿನಿಂದ ಒಟ್ಟು ಮಾಡಿ ತೆಗೆದರು. ಆಯಾ ಕಸಬರಿಕೆ ತಂದಾಗ ಹೌಹಾರಿದರು. "ಗುಡ್ಸ್ರೆ ಸಾವ್ರ ಹನಿ ಆತ್ತ್!" ಜೀವಮಾನವಿಡೀ ಕಸ ಗುಡಿಸಿಕೊಂಡು ಬದುಕಿದವರು ಕಸಬರಿಕೆಗೆ ಹೆದರಿದ್ದು ಅದೊಂದೇ ಸಲ ನೋಡಿದ್ದು. ಹೋಗುವಾಗ ನನ್ನನ್ನು ಪಕ್ಕಕ್ಕೆ ಕರೆದು ಕೇಳಿದರು, "ಎಷ್ಟ್ ಮಕ್ಳ್ ಕೈಗ್ ಕೊಟ್ಟಿದ್ರಿ ಟೀಚರೆ ಇದನ್ನ್, ಇಷ್ಟ್ ವರ್ಷದಂಗೆ?" ನಾನು ಲೆಕ್ಕ ಇಟ್ಟಿರಲಿಲ್ಲ. ಅವರು ಬೈಯಲೂ ಇಲ್ಲ. ಬೈದಿದ್ದರೆ ವಾಸಿಯಿತ್ತು.

ಅವರ ಒಂದು ಅಭ್ಯಾಸ ನನಗೆ ಬಹಳ ಕುತೂಹಲ ಹುಟ್ಟಿಸಿತ್ತು. ಯಾರನ್ನು ಕಂಡರೂ ಮೊದಲು ಕಿವಿ, ಮೂಗು, ಕೈ ನೋಡುತ್ತಿದ್ದರು. ಸೌಖ್ಯವೇ ಎಂದು ಕೇಳುವ ಬದಲು "ಓಲೆ ಹ್ಯಾಂಗಿತ್ತ್?" ಎನ್ನುತ್ತಿದ್ದರು. ಇನ್ನೊಂದು, ಪ್ರತಿ ಸಂಕ್ರಮಣದ ಬೆಳಿಗ್ಗೆ ಸ್ಟೀಲಿನ ಲೋಟಕ್ಕೆ ಕಂಠಮಟ್ಟ ನೀರು ತುಂಬಿ, ಅಂಗೈ ಮೇಲಿಟ್ಟು, ಕೈ ಚಾಚಿ ನಿಲ್ಲುವುದು. ಸೂರ್ಯನಿಗೆ ಅರ್ಘ್ಯ ಎಂದುಕೊಂಡಿದ್ದೆ. ಅಲ್ಲ. ಒಂದು ಹನಿಯಾದರೂ ತುಳುಕುತ್ತದೋ ಎಂದು ನೋಡಿಕೊಳ್ಳುತ್ತಿದ್ದರು. ತುಳುಕದಿದ್ದರೆ ಆ ನೀರನ್ನೇ ಕುಡಿದು ಕೆಲಸಕ್ಕೆ ಹೋಗುವುದು. "ತುಳುಕಿದ್ ದಿನ ಕೊಕ್ಕರೆನ್ ಗುಜರಿಗ್ ಕೊಡ್ತೆ" ಎನ್ನುತ್ತಿದ್ದರು.

ಕೈ ನಡುಗುವ ಭಯ ಎಲ್ಲಿಂದ ಬಂತು ಎಂದು ಒಂದು ದಿನ ಕೇಳಿಯೇಬಿಟ್ಟೆ. ಆವತ್ತು ಹೊಸ್ತಿಲಿನ ಕತೆ ಹೊರಬಂತು.

ಅವರ ಅಪ್ಪಯ್ಯನದೂ ಇದೇ ಕಸುಬು. ಆ ಕಾಲದಲ್ಲಿ ಬಿಳಿ ಉಂಡೆಗೆ ಬೆಂಕಿ ಕೊಡುತ್ತಿದ್ದದ್ದು ಅಡುಗೆಮನೆಯ ಒಲೆಯಲ್ಲೇ. ಶುಕ್ರವಾರ ಸಂಜೆ ದೀಪ ಹಚ್ಚಿದ ಮೇಲೆ. ಚಿನ್ನ ಎಂದರೆ ಲಕ್ಷ್ಮಿ, ಅವಳು ಹೊಸ್ತಿಲಿನ ಒಳಗೇ ಹುಟ್ಟಬೇಕು, ಹೊರಗೆ ಹುಟ್ಟಿದವಳು ಮನೆಯಲ್ಲಿ ನಿಲ್ಲುವುದಿಲ್ಲ ಎಂದು ಅಪ್ಪಯ್ಯನ ನಂಬಿಕೆ. ಹೊಗೆಯ ಜೊತೆ ಲಕ್ಷ್ಮಿಯೂ ಹಾರಿಹೋದಾಳು ಎಂದು ಕಿಟಕಿ ಮುಚ್ಚಿ, ಬಾಗಿಲ ಸಂದಿಗೆ ಗೋಣಿ ತುರುಕುತ್ತಿದ್ದರಂತೆ. ಒಲೆಯ ಮುಂದೆ ಕೂತು ಊದುತ್ತಿದ್ದದ್ದು ಅಬ್ಬಿ, ಅಂದರೆ ಅವರ ಅಮ್ಮ.

"ಊರವ್ರಿಗೆಲ್ಲ ಅಬ್ಬಿ ಅಂದ್ರೆ ಹೆದ್ರಿಕೆ ಟೀಚರೆ. ಅಷ್ಟ್ ಸಿಟ್ಟ್. ಕೈ ಬೇರೆ ನಡುಕ. ಗಂಜಿ ಬಡ್ಸೂಕ್ ಬಂದ್ರೆ ಅರ್ಧ ನೆಲಕ್ಕೆ. ಚೆಲ್ಲಿದ್ದಕ್ಕೂ ನಮ್ಗೇ ಸೌಟಂಗ್ ಪೆಟ್ಟ್. ಹಲ್ಲ್ ಎಲ್ಲ ಉದ್ರಿ ಹೋಯಿತ್ತ್, ನಲ್ವತ್ತ್ ವರ್ಷ ಆಯ್ಲಿಲ್ಲ ಆಗ. ದೈವದ ಉಪದ್ರ ಅಂದ್ರ್, ನೋಡ್ಸ್ರ್, ಹರಕೆ ಹೊತ್ರ್. ಒಂದ್ ಸರ್ತಿ ನಾನ್ ಸಿಟ್ಟಂಗೆ 'ಮಾರಿ' ಅಂದೆ. ಅಬ್ಬಿ ಒಲಿ ಕಡಿಗ್ ತಿರ್ಗಿ ಕೂಕಂತ್."

ಅಬ್ಬಿ ಅಪ್ಪಯ್ಯನಿಗಿಂತ ಬಹಳ ಮುಂಚೆ ಹೋದರು. ಅದಾದ ವರ್ಷ ಅಡುಗೆಮನೆಯ ಹೆಂಚು ಹೊಸದು ಮಾಡಲು ಇವರೇ ಮಾಡಿನ ಮೇಲೆ ಹತ್ತಿದರು. ಒಲೆಯ ನೇರ ಮೇಲಿನ ಹೆಂಚುಗಳನ್ನು ಎತ್ತಿದಾಗ ಮಸಿಯ ಜೊತೆ ಬೆಳ್ಳಿ ಹನಿಗಳು ಹೆಂಚಿನಡಿಯ ಮರದ ರೀಪಿನ ಮೇಲಿಂದ ಉರುಳಿ ಟಪಟಪ ಕೆಳಗೆ ಬಿದ್ದವು. ಕೆಳಗೆ ನಿಂತ ಅಪ್ಪಯ್ಯ, "ಹಾಳಾಯ್ಲಿಲ್ಲ ಮಗಾ, ರಸ ಎಲ್ಲ ಇಲ್ಲೇ ಇತ್ತ್" ಎಂದು ಸಂತೋಷದಿಂದ ಲೋಟದಲ್ಲಿ ಒಟ್ಟು ಮಾಡಿದರಂತೆ. ಹನಿ ಬೀಳುತ್ತಿದ್ದದ್ದು ಅಬ್ಬಿ ಕೂರುವ ಮಣೆಯ ಮೇಲೆ. ಮಾಡಿನ ಮೇಲೆ ಕೂತವರಿಗೆ ಆಗ ಎಲ್ಲವೂ ಒಟ್ಟಿಗೆ ಕಂಡಿತು.

"ಬೈದದ್ದ್ ಅಬ್ಬಿ ಅಲ್ಲ ಟೀಚರೆ. ಹೊಗೆ."

ಇಷ್ಟು ಹೇಳಿ ಸೊಂಟದ ಸಂಚಿಯಿಂದ ಒಂದು ಪುಟ್ಟ ಡಬ್ಬಿ ತೆಗೆದರು. ಒಳಗೆ ಒಂದು ಮೂಗುಬೊಟ್ಟು, ಬಿಳಿ. ನಾನು ಬೆಳ್ಳಿಯದೆಂದೇ ತಿಳಿದೆ. ಒರೆಗಲ್ಲಿಗೆ ಮೆಲ್ಲಗೆ ತಿಕ್ಕಿದರು. ಕಲ್ಲಿನ ಮೇಲೆ ಹಳದಿ ಗೆರೆ ಬಂತು. ಅಬ್ಬಿಯ ಮದುವೆಯ ಮೂಗುಬೊಟ್ಟು, ಅಪ್ಪಟ ಚಿನ್ನ. ಒಲೆ ಊದಿ ಊದಿ ಬೆಳ್ಳಗಾದದ್ದು. ಪ್ರತಿ ಶುಕ್ರವಾರ ಅಬ್ಬಿ ಕೇಳುತ್ತಿದ್ದರಂತೆ, ನನ್ನ ಮೂಗ್ಬಟ್ಟ್ ಯಾವಾಗ ಹಳ್ದಿ ಮಾಡಿ ಕೊಡ್ತ್ರಿ ಅಂತ. ಅಪ್ಪಯ್ಯನದು ಒಂದೇ ಉತ್ತರ: "ಬಪ್ಪ ವಾರ." ಊರಿನವರ ಚಿನ್ನವನ್ನೆಲ್ಲ ಹಳದಿ ಮಾಡಿ ಕೊಟ್ಟರು. ಹೆಂಡತಿಯದಕ್ಕೆ ಆ ಬರುವ ವಾರ ಬರಲೇ ಇಲ್ಲ.

"ಮೂಗ್ಬಟ್ಟ್ ರಸ ಕುಡ್ದದ್ ಮನೆಯವ್ರಿಗೆಲ್ಲ ಕಂಡಿತ್. ಆಚಾರ್ರ್ ಅಲ್ದಾ ನಾವ್, ಚಿನ್ನ ಕಾಂಬುಕ್ ಗೊತ್ತಿತ್ತ್. ಮೂಗ್ ಕುಡ್ದದ್ ಒಬ್ರಿಗೂ ಕಾಣ್ಲಿಲ್ಲ."

ಆಮೇಲೆ ಅವರು ಕೆಲಸವನ್ನು ಅಂಗಳದಾಚೆ ತಂದರು. ಅಪ್ಪಯ್ಯ ಒಪ್ಪಲಿಲ್ಲ, ಲಕ್ಷ್ಮಿ ಹೊರಗೆ ಹುಟ್ಟುವುದುಂಟೇ ಎಂದು ಊಟ ಬಿಟ್ಟರು. ಮಗ ವಾದ ಮಾಡಲಿಲ್ಲ. ಅಡುಗೆಮನೆಯ ಹೊಸ್ತಿಲನ್ನೇ ಕಿತ್ತು ತಂದು ಶೆಡ್ಡಿಗೆ ಹಾಕಿ, ರಂಗೋಲಿ ಬರೆದು, "ಇಕಾ, ಈಗ ಇದ್ ಮನಿ ಒಳ್ಗೆ" ಎಂದರು. ಅಪ್ಪಯ್ಯ ಅದರ ಸುತ್ತ ಎರಡು ಸಲ ತಿರುಗಿ ನೋಡಿ, ಊಟಕ್ಕೆ ಎದ್ದರಂತೆ.

ಆ ಮೂಗುಬೊಟ್ಟನ್ನು ನೀವಾದರೂ ಕೊಕ್ಕರೆಗೆ ಹಾಕಿ ಹಳದಿ ಮಾಡಬಹುದಿತ್ತಲ್ಲ ಎಂದೆ. "ಮಾಡ್ಕ್, ಮಾಡ್ಕ್" ಎಂದು ಡಬ್ಬಿ ಮುಚ್ಚಿ ಸಂಚಿಗೆ ಹಾಕಿಕೊಂಡರು. "ಇನ್ನ್ ಸುಮಾರ್ ಜನಕ್ಕೆ ತೋರ್ಸೂಕಿತ್ತ್."

ಯಾರಿಗೆ ಎಂಬುದು ಆ ವರ್ಷವೇ ಗೊತ್ತಾಯಿತು. ಒಂದು ಶುಕ್ರವಾರ ಮಧ್ಯಾಹ್ನ ಶಾಲೆಗೇ ಬಂದು, "ಟೀಚರೆ, ನಾವುಂದಕ್ಕೆ ಹೋಯ್ಕ್, ನೀವೂ ಬರ್ಕ್" ಎಂದರು. ಅವರ ತಮ್ಮನ ಮಗ ಉಮೇಶ ನಾವುಂದ ಎಂಬ ಆ ಊರಿನಲ್ಲಿ ಇದೇ ಕಸುಬು ಮಾಡುತ್ತಿದ್ದ, ಅಜ್ಜನ ಕ್ರಮದಲ್ಲೇ, ಅಡುಗೆಮನೆಯಲ್ಲೇ. ಅವನ ಹೆಂಡತಿ ಸುಜಾತಳಿಗೆ ನಾಲ್ಕು ತಿಂಗಳು ಎಂದು ಹಿಂದಿನ ದಿನ ಸುದ್ದಿ ಬಂದಿತ್ತು. ಎಷ್ಟೋ ಸಲ ಹೇಳಿ ಸೋತಿದ್ದರು. "ನನ್ನ್ ಮಾತ್ ಮುದ್ಕನ್ ಮಾತ್. ನೀವ್ ಓದಿದವ್ರ್, ನೀವ್ ಹೇಳ್ರೆ ಕೇಂತ."

ಬಸ್ಸಿನಲ್ಲಿ ಕೂತು ನಾನು ಮನಸ್ಸಿನಲ್ಲೇ ಪಾಠ ತಯಾರು ಮಾಡಿದೆ. ನಾವು ತಲುಪುವಾಗ ಉಮೇಶ ಕಿಟಕಿ ಮುಚ್ಚುತ್ತಿದ್ದ. ಬಾಗಿಲ ಬುಡದಲ್ಲಿ ಗೋಣಿ ಸಿದ್ಧವಾಗಿತ್ತು. ಒಲೆಯ ಮೇಲೆ ಉಂಡೆಯಿದ್ದ ಪಾತ್ರೆ, ಇನ್ನೂ ಬೆಂಕಿ ಹಾಕಿರಲಿಲ್ಲ. ನಮ್ಮನ್ನು ಕಂಡು ಆದರದಿಂದ ಕೂರಿಸಿದ. ಸುಜಾತ ಎರಡು ಲೋಟ ನೀರು, ತಟ್ಟೆಯಲ್ಲಿ ಬೆಲ್ಲ ತಂದಳು. ನಾನು ಬೆಲ್ಲ ನೋಡಿದೆ. ಆಚಾರ್ರು ನೋಡಿದ್ದು ತಟ್ಟೆಯನ್ನು. ಲೋಟದ ನೀರು ಎರಡು ಕಡೆ ತುಳುಕಿ ತಟ್ಟೆ ಒದ್ದೆಯಾಗಿತ್ತು.

ನಾನು ಪಾಠ ಶುರು ಮಾಡಿದೆ. ಪಾದರಸದ ಆವಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಅದು ನರಗಳಿಗೆ ಹೋಗುತ್ತದೆ, ಹೊಟ್ಟೆಯ ಮಗುವಿಗೂ ಹೋಗುತ್ತದೆ. ಒಳ್ಳೆಯ ಪಾಠವೇ. ಉಮೇಶ ವಿನಯದಿಂದ ತಲೆಯಾಡಿಸುತ್ತ ಪೂರ್ತಿ ಕೇಳಿ, ಕೊನೆಗೆ ಎಂದ, "ನೀವ್ ಹೇಳೂದ್ ಸರಿ ಟೀಚರೆ. ಆದ್ರೆ ನಮ್ಮಜ್ಜಯ್ಯ ಇದೇ ಕೆಲ್ಸ ಮಾಡ್ಕಂಡ್ ಎಂಬತ್ತ್ ದಾಟಿ ಬದ್ಕಿದ್ರ್."

"ಅಜ್ಜಯ್ಯ ಬದ್ಕಿದ್ರ್" ಎಂದರು ಆಚಾರ್ರು. "ಅಜ್ಜಿ?"

ಅಜ್ಜಿಯನ್ನು ಉಮೇಶ ನೋಡಿಯೇ ಇರಲಿಲ್ಲ.

ಆಚಾರ್ರು ಸಂಚಿಯಿಂದ ಡಬ್ಬಿ ತೆಗೆದು ಮೂಗುಬೊಟ್ಟನ್ನು ಸುಜಾತಳ ಅಂಗೈ ಮೇಲೆ ಇಟ್ಟರು. ಒರೆಗಲ್ಲನ್ನೂ ಕೊಟ್ಟು, ನೀನೇ ತಿಕ್ಕಿ ನೋಡು ಎಂದರು. ಅವಳು ತಿಕ್ಕಿದಳು. ಹಳದಿ ಗೆರೆಯನ್ನು ನೋಡಿದಳು, ಬಿಳಿ ಬೊಟ್ಟನ್ನು ನೋಡಿದಳು. ಆಚಾರ್ರ ಮನೆಯ ಹೆಣ್ಣಿಗೆ ಬೇರೆ ವಿವರಣೆ ಬೇಕಾಗಲಿಲ್ಲ. ಅವಳ ಇನ್ನೊಂದು ಕೈ ತಾನಾಗಿ ತನ್ನ ಮೂಗಿಗೆ ಹೋಯಿತು. ತಿರುಪು ಬಿಚ್ಚಿ ತನ್ನ ಮೂಗುಬೊಟ್ಟು ತೆಗೆದು, ಕಿಟಕಿಯ ಬಾಗಿಲನ್ನು ಒಂದಿಷ್ಟು ತೆರೆದು ಬೆಳಕಿಗೆ ಹಿಡಿದಳು. ಮುಂಭಾಗ ಹಳದಿ. ಕೆಳಗಿನ ಅಂಚು, ಉಸಿರು ತಾಗುವ ಕಡೆ, ಬೆಳ್ಳಗಾಗಲು ಶುರುವಾಗಿತ್ತು.

"ದೊಡ್ಡ ಮಾವಯ್ಯ, ಇದ್ ನಂಗ್ ಮೊದ್ಲೇ ಕಂಡಿತ್. ಇವ್ರ ಹತ್ರ ಹೇಳಿದ್ದೆ. ಬಪ್ಪ ವಾರ ಬೆಂಕಿ ತೋರ್ಸಿ ಕೊಡ್ತೆ ಅಂದ್ರ್" ಎಂದಳು.

ಬಪ್ಪ ವಾರ. ಆಚಾರ್ರು ಅಷ್ಟು ಕಲಕಿದ್ದನ್ನು ನಾನು ಕಂಡದ್ದು ಆವತ್ತೇ. "ಮಗಾ, ಬ್ಯಾಡ" ಎಂದಷ್ಟೇ ಹೇಳಿದರು. ಉಮೇಶನಿಗೋ, ಅವಳಿಗೋ, ಎಂದೋ ಸತ್ತ ತಮ್ಮ ಅಪ್ಪಯ್ಯನಿಗೋ ತಿಳಿಯಲಿಲ್ಲ.

ಸುಜಾತ ಯಾರ ಅಪ್ಪಣೆಗೂ ಕಾಯಲಿಲ್ಲ. ಬಾಗಿಲ ಬುಡದ ಗೋಣಿಯನ್ನು ಕಾಲಿನಿಂದ ಆಚೆ ತಳ್ಳಿ, ಒಲೆಯ ಮೇಲಿನ ಪಾತ್ರೆಯನ್ನು ಎತ್ತಿ ಗಂಡನ ಕೈಗೆ ಕೊಟ್ಟಳು. "ಹೊರ್ಗ್ ತಕಂಡ್ ಹೋಯ್ನಿ" ಎಂದಳು. ಉಮೇಶ ಹೆಂಡತಿಯ ಮುಖ ನೋಡಿದ, ಅವಳ ಕೈಯಲ್ಲಿದ್ದ ಎರಡು ಮೂಗುಬೊಟ್ಟು ನೋಡಿದ, ಪಾತ್ರೆ ಹಿಡಿದುಕೊಂಡು ಹೊರಗೆ ಹೋದ. ನನ್ನ ಪಾಠಕ್ಕೆ ಆಗದಿದ್ದದ್ದು ಹೀಗೆ ಆಯಿತು. ನನಗೆ ಸ್ವಲ್ಪ ಅವಮಾನವೂ ಆಯಿತು, ಸುಳ್ಳು ಯಾಕೆ ಹೇಳಲಿ.

ಮರುವಾರವೇ ಅವಳನ್ನು ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ರಕ್ತ, ಮೂತ್ರ ಎಲ್ಲ ನೋಡಿದರು. ಹೆರಿಗೆಯವರೆಗೂ ತವರಿನಲ್ಲೇ ಇರಲಿ, ಆ ಅಡುಗೆಮನೆಗೆ ಕಾಲಿಡುವುದು ಬೇಡ ಎಂದರು ಡಾಕ್ಟರು. ಅವಳು ಮರಳುವುದರೊಳಗೆ ಒಲೆ ಒಡೆದು, ಮಾಡಿನ ಹೆಂಚು ಇಳಿಸಿ, ಆ ಹೆಂಚು ಬೇರೆ ಯಾರ ಮನೆಗೂ ಹೋಗದಂತೆ ಆಚಾರ್ರು ಕಾವಲು ಕೂತರು. ಹಂಗಾರಕಟ್ಟೆಯ ವೆಲ್ಡಿಂಗಿನವನು ಇನ್ನೊಂದು ಕೊಕ್ಕರೆ ಮಾಡಿದ. ಉಮೇಶ ಮನೆಯಿಂದ ದೂರ ನಾಲ್ಕು ಕಂಬ ನೆಟ್ಟ. ಹೊಸ್ತಿಲನ್ನು ಮಾತ್ರ ಬಿಡಲಿಲ್ಲ, ತಾನೂ ಒಂದು ಹಾಕಿದ. ಹುಟ್ಟಿದ ಮಗು ಹೆಣ್ಣು. ಸಂಕ್ರಮಣಕ್ಕೆ ಹೋದಾಗಲೆಲ್ಲ ಆಚಾರ್ರು ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ನೋಡುತ್ತಿದ್ದರು. ಅವಳೀಗ ಶಾಲೆಗೆ ಹೋಗುತ್ತಾಳೆ, ಅಕ್ಷರ ಮುತ್ತಿನ ಹಾಗಿದೆ.

ಕಸದ ಆಚಾರ್ರು ಕಳೆದ ಚೌತಿಯ ಮುಂಚೆ ತೀರಿಕೊಂಡರು. ವಯಸ್ಸಾಗಿತ್ತು, ಎದೆ ನೋವು ಬಂತು, ಎರಡೇ ದಿನ. ಕೊನೆಯ ಸಂಕ್ರಮಣದ ಲೋಟವೂ ತುಳುಕಿರಲಿಲ್ಲ. ಉತ್ತರಕ್ರಿಯೆಯ ಬೊಜ್ಜ ಕಳೆದು ಕೆಲವು ದಿನದ ಮೇಲೆ ಸುಜಾತ ಫೋನು ಮಾಡಿದಳು. "ಟೀಚರೆ, ದೊಡ್ಡ ಮಾವಯ್ಯ ಒಂದ್ ಕೆಲ್ಸ ಹೇಳಿ ಹೋಯಿದ್ರ್. ನೀವೂ ಇರ್ಕ್ ಅಂದಿದ್ರ್."

ಹಂಗಾರಕಟ್ಟೆಯ ಶೆಡ್ಡಿಗೇ ಹೋದೆವು. ಮಗಳನ್ನು ಅವಳು ಮನೆಯಲ್ಲೇ ಬಿಟ್ಟು ಬಂದಿದ್ದಳು. ನಾನು ಹಳೆಯ ಜಾಗದಲ್ಲೇ ನಿಂತೆ. ಸುಣ್ಣದ ಗೆರೆ ಮಳೆಗೆ ಮಾಸಿತ್ತು, ಆದರೂ ಕಾಲು ತಾನಾಗಿ ಅಲ್ಲೇ ನಿಂತಿತು. ಗೂಟದ ಅಂಗಿ ಅವಳೇ ಹಾಕಿಕೊಂಡಳು. ಹೊಸ್ತಿಲಿಗೆ ರಂಗೋಲಿ ಎಳೆದಳು. ಬೂದಿ ಹಾರಿಸಿ ಗಾಳಿಯನ್ನು ಕೇಳಿದಳು. ಡಬ್ಬಿ ತೆರೆದು ಅಬ್ಬಿಯ ಮೂಗುಬೊಟ್ಟನ್ನು ಕೊಕ್ಕರೆಯ ಹೊಟ್ಟೆಯೊಳಗೆ ಇಟ್ಟು, ಮುಚ್ಚಳಕ್ಕೆ ಮಣ್ಣು ಮೆತ್ತಿದಳು. ಕೊಕ್ಕು ನೀರಿಗೆ ಮುಟ್ಟಿಲ್ಲವೆಂದು ಬಗ್ಗಿ ಎರಡು ಸಲ ನೋಡಿದಳು. ಅವಳ ಕೈ ಸ್ವಲ್ಪವೂ ನಡುಗುತ್ತಿರಲಿಲ್ಲ. ಅದನ್ನು ನೋಡಲು ಅವರು ಇರಬೇಕಿತ್ತು.

ಮರುದಿನ, ಪೂರ್ತಿ ತಣಿದ ಮೇಲೆ ಬಾಯಿ ತೆಗೆದೆವು. ಬೋಗುಣಿಯ ತಳದಲ್ಲಿ ಪಾದರಸ ಕಾಣಿಸಲೇ ಇಲ್ಲ. ಬೆಳಕಿಗೆ ಓರೆ ಮಾಡಿ ಹುಡುಕಿದಾಗ ಸಾಸಿವೆಗಿಂತ ಸಣ್ಣದೊಂದು ಹನಿ. ಅಷ್ಟನ್ನೇ ಬಾಟಲಿಗೆ ಹಾಕಿ ಸುಜಾತ ಬಿರಡೆ ಬಿಗಿದಳು. ಆಮೇಲೆ ಮೂಗುಬೊಟ್ಟನ್ನು ಅಂಟುವಾಳದ ನೊರೆಯಲ್ಲಿ ತೊಳೆದು, ತಿಕ್ಕಿ, ಒರೆಸಿ, ರಂಗೋಲಿಯ ನಡುವೆ ಹೊಸ್ತಿಲ ಮೇಲೆ ಇಟ್ಟಳು. ಹಳದಿ, ಆಗತಾನೆ ಮಾಡಿದ ಹಾಗೆ.

ಅವಳು ಅದರ ಮುಂದೆ ಕುಕ್ಕರುಗಾಲಲ್ಲಿ ಕೂತು, ತಾನು ಎಂದೂ ನೋಡದ ಅಜ್ಜಿಗೆ ಹೇಳಿದಳು:

"ಅಜ್ಜಿ, ಬಪ್ಪ ವಾರ ಬಂತ್ ಕಾಣಿ."